ಎಲ್ಲಕ್ಕೂ ಹೂಂ ಅಂದ ಗಂಗುಲಮ್ಮ

ಪೀಣ್ಯದ ಒಂದು ಶೆಡ್ಡಿನಲ್ಲಿ ಹುಟ್ಟಿದವನು ನಾನು. ಗಾತ್ರ ಊಟದ ಡಬ್ಬಿಯಷ್ಟು, ಮೈಯಿಂದ ಹೊರಟ ಎರಡು ತಂತಿ, ತುದಿಯಲ್ಲಿ ಬೆರಳಿಗೆ ಅಂಟುವ ಬಿಲ್ಲೆ. ಚರ್ಮದೊಳಗಿನ ನರದ ಎಳೆಗಳನ್ನು ಬೇರೆಬೇರೆಯಾಗಿ ಕರೆದು ಮಾತಾಡಿಸಿ, ಜೀವ ಇದೆಯೇ ಎಂದು ನೋಡುವುದು ನನ್ನ ಕಸುಬು. ನನ್ನ ಕರೆಂಟು ಬೇಗಬೇಗ ಮಿಡಿದರೆ ಸ್ಪರ್ಶ ತಿಳಿಯುವ ದಪ್ಪ ಎಳೆಗಳು ಏಳುತ್ತವೆ. ನಿಧಾನಕ್ಕೆ ಮಿಡಿದರೆ ಬಿಸಿ, ಉರಿ ತಿಳಿಯುವ ಸಣ್ಣ ಎಳೆಗಳು ಏಳುತ್ತವೆ. ಮೊದಲು ಒಂದು ಕಾಲೇಜಿನಲ್ಲಿದ್ದೆ. ಹುಡುಗರು ನನ್ನನ್ನು ಒಬ್ಬರ ಕೈಗೊಬ್ಬರು ಅಂಟಿಸಿ ನಗುತ್ತಿದ್ದರು. ಅದು ನನ್ನ ಸುಖದ ಕಾಲ.

ಆಮೇಲೆ ಶಾಂಭವಿ ಎಂಬ ಫಿಜಿಯೋಥೆರಪಿಸ್ಟ್ ಕೈಗೆ ಬಂದೆ. ಮನಸ್ಸು ಬೆಣ್ಣೆ, ಆದರೆ ಮಹಾ ಆತುರಗಾರ್ತಿ. ಶಿಡ್ಲಘಟ್ಟದ ರೇಷ್ಮೆ ಕಾರ್ಖಾನೆಯೊಂದರಲ್ಲಿ ನಡೆದ ಆರೋಗ್ಯ ಶಿಬಿರಕ್ಕೆ ನನ್ನನ್ನು ಒಯ್ದಳು. ಅಲ್ಲಿ ಹೆಂಗಸರು ಬಿಸಿನೀರಿನ ತೊಟ್ಟಿಯಲ್ಲಿ ಕೈಯಾಡಿಸಿ ಗೂಡುಗಳಿಂದ ಎಳೆ ಹುಡುಕುತ್ತಾರೆ. ಗಂಗುಲಮ್ಮನ ಕೈಗೆ ಬಿಸಿ ತಾಗುವುದೇ ಇಲ್ಲ, ಅದು ದೇವರು ಕೊಟ್ಟ ಕೈ ಎಂದು ಎಲ್ಲರೂ ಹೊಗಳಿದರು. ಬಿಸಿ ತಿಳಿಯುವ ಎಳೆಗಳೇ ಸತ್ತಿರಬಹುದು ಎಂದು ನನಗೆ ಅನುಮಾನ ಬಂತು.

ಶಾಂಭವಿ ನನ್ನ ಗುಂಡಿ ಒತ್ತಿದಾಗ ಬೆರಳಿಗೆ ಮಿಡಿತ ಗೊತ್ತಾದರೆ ಹೂಂ ಅನ್ನಬೇಕು, ಅದೇ ಪರೀಕ್ಷೆ. ಸರದಿಯಲ್ಲಿ ನಿಂತ ಗಂಗುಲಮ್ಮ ಪಕ್ಕದ ತೊಟ್ಟಿಯ ಮುಬೀನಾಳಿಗೆ ಪಿಸುಗುಟ್ಟಿದಳು.

"ಗೊತ್ತಾಗಲ್ಲ ಅಂದ್ರೆ ಕೆಲ್ಸ ಬಿಡುಸ್ತಾರೆ ಕಣೇ. ಪಾಪಮ್ಮನ್ನ ಹಂಗೇ ಅಲ್ವಾ ಮನೇಗೆ ಕಳ್ಸಿದ್ದು?"

"ಮತ್ತೇನ್ ಮಾಡ್ತೀಯಕ್ಕಾ?"

"ಮೇಡಂ ಹೆಬ್ಬೆರಳು ನೋಡ್ಕೊಂಡು ಹೂಂ ಅಂತೀನಿ."

ಹಾಗೇ ಮಾಡಿದಳು. ಬೇಗದ ಮಿಡಿತಕ್ಕೆ ಅವಳು ಅಂದ ಹೂಂ ನಿಜವಾದದ್ದೇ. ನಿಧಾನದ ಮಿಡಿತಕ್ಕೆ ಮಾತ್ರ ಶಾಂಭವಿಯ ಹೆಬ್ಬೆರಳು ಗುಂಡಿ ಒತ್ತಿದಾಗಲೆಲ್ಲ ಹೂಂ. ಸುಳ್ಳು ಹಿಡಿಯಲೆಂದು ನಡುನಡುವೆ ಗುಂಡಿ ಒತ್ತಿದರೂ ನಾನು ಕರೆಂಟು ಹರಿಸದೆ ಸುಮ್ಮನಿರುವುದುಂಟು. ಅದಕ್ಕೂ ಹೂಂ. ನನಗಿರುವುದು ಒಂದೇ ನಾಲಿಗೆ, ಪುಟ್ಟ ಹಳದಿ ದೀಪ. ಉತ್ತರ ಸುಳ್ಳು ಎಂದು ಅದನ್ನು ಹೊತ್ತಿಸಿದೆ.

"ಬ್ಯಾಟರಿ ಇಳೀತೇನೋ" ಎಂದು ಶಾಂಭವಿ ಸೆಲ್ಲು ಬದಲಾಯಿಸಿದಳು. "ಕೈ ಚೆನ್ನಾಗಿದೆಯಮ್ಮ, ಮುಂದಿನವರು ಬನ್ನಿ."

ಕೂಗಲು ಬಾಯಿಲ್ಲದವನ ಪಾಡು ಶತ್ರುವಿಗೂ ಬೇಡ. ಗಂಗುಲಮ್ಮ ನಗುತ್ತಾ ತೊಟ್ಟಿಗೆ ಮರಳುವುದನ್ನು ನೋಡುತ್ತಾ ಮೇಜಿನ ಮೇಲೆ ಬಿದ್ದಿದ್ದೆ.

ದೀಪಾವಳಿ ಕಳೆದ ಮೇಲೆ ಅವಳ ತೊಟ್ಟಿಗೆ ಹಬೆ ಬಿಡುವ ನಲ್ಲಿ ಕೆಟ್ಟು ನೀರು ಕೊತಕೊತ ಕುದಿಯಿತಂತೆ. ಅವಳು ಎಳೆ ಹುಡುಕುತ್ತಲೇ ಇದ್ದಳಂತೆ. ಮುಬೀನಾ ಚೀರಿಕೊಂಡು ರಟ್ಟೆ ಹಿಡಿದು ಎಳೆಯುವಷ್ಟರಲ್ಲಿ ಬಲಗೈ ಬೆಂದುಹೋಗಿತ್ತು.

ಈಗ ಶಾಂಭವಿಯ ಆಸ್ಪತ್ರೆಯ ಬೀರುವಿನಲ್ಲಿ ಮುದುಕನಾಗಿ ಬಿದ್ದಿರುವ ನನಗೆ ಎಷ್ಟೋ ಬೆರಳುಗಳು ಮರೆತುಹೋಗಿವೆ. ಆದರೆ ಗಂಗುಲಮ್ಮ ಬ್ಯಾಂಡೇಜು ಕಟ್ಟಿಕೊಂಡು ಇಲ್ಲಿಗೆ ಬಂದ ದಿನ ಮರೆತಿಲ್ಲ. ಕಣ್ಣು ಊದಿಸಿಕೊಂಡಿದ್ದ ಶಾಂಭವಿ ಸುಡದೆ ಉಳಿದ ಎಡಗೈಗೆ ಬಿಲ್ಲೆ ಅಂಟಿಸಿ, ತನ್ನ ಕೈ ಕಾಣದಂತೆ ನನ್ನ ಮೇಲೆ ಟವೆಲು ಮುಚ್ಚಿದಳು. ನಿಧಾನದ ಮಿಡಿತವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋದಳು. ಗಂಗುಲಮ್ಮ ಉಸಿರು ಬಿಗಿಹಿಡಿದು ಕಾದಳು. ಕಾದು ಕಾದು ಕೊನೆಗೆ ಹೇಳಿದಳು.

"ಈ ಸಲ ಸುಳ್ಳು ಹೇಳಲ್ಲ ಮೇಡಂ. ಶುರು ಮಾಡಿ."

ನಾನು ಆಗಲೇ ನನ್ನ ಶಕ್ತಿಯ ತುತ್ತತುದಿಯಲ್ಲಿದ್ದೆ.