ಕಕಾರದ ಮೇಲೊಂದು ಗುಂಯ್

“ಗುಂಯ್ ಅಂತಿದೆಯೋ, ಜುಯ್ ಅಂತಿದೆಯೋ? ಮೊದಲು ಅದನ್ನ ಹೇಳು.”

ಸ್ಪೀಕರಿಗೆ ಹಾಕಿದ್ದ ಫೋನಿನ ಆ ಕಡೆ ಇದ್ದವನು ತಮ್ಮ. ನೀರಿನ ಪಂಪು ರಿಪೇರಿ ಅವನ ಕಸುಬು. ಹಾಗಾಗಿ ಕರೆಂಟಿನಿಂದ ನಡೆಯುವ ಸಕಲ ವಸ್ತುಗಳೂ ಒಂದು ಬಗೆಯ ಪಂಪುಗಳೇ ಎಂದು ನಂಬಿದ್ದ. ಈ ಕಡೆ ಅಕ್ಕ, ತಲೆಯ ಮೇಲೆ ಹೆಡ್‌ಫೋನ್, ಎದುರಿಗೆ ಲ್ಯಾಪ್‌ಟಾಪ್.

“ಎರಡಕ್ಕೂ ಏನೋ ವ್ಯತ್ಯಾಸ?”

“ಹೀಗಂದ್ರೆ ಹೇಗೇ? ಗುಂಯ್ ಅಂದ್ರೆ ಕರೆಂಟು. ಜುಯ್ ಅಂದ್ರೆ ಸೆಟ್ಟಿಂಗು. ಚರಚರ ಅಂದ್ರೆ ವೈರು. ಬರೀ ‘ಸದ್ದು ಬರ್ತಿದೆ’ ಅಂದ್ರೆ ನಾನೇನು ಕಣಿ ಹೇಳ್ಲಾ?”

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಅತ್ತೆಯ ತಲೆಗೆ ಅಕ್ಕ ಹೆಡ್‌ಫೋನ್ ಏರಿಸಿದಳು. ಅತ್ತೆ ಕಣ್ಣು ಮುಚ್ಚಿ, ಕೈಯಲ್ಲಿದ್ದ ಟವೆಲ್ಲನ್ನು ಹಾಗೇ ಹಿಡಿದುಕೊಂಡು ಕೇಳಿದರು.

“ಒಂಯ್ ಅಂತಿದೆ.”

“ಒಂಯ್ ಅಂತ ಯಾವ್ದೂ ಇಲ್ಲ ಅಮ್ಮ,” ಎಂದಿತು ಫೋನು.

“ನಿನ್ನ ಹತ್ರ ಇಲ್ದೇ ಇರಬಹುದು ಕಣಪ್ಪ. ಇಲ್ಲಿದೆ.”

ಅಕ್ಕನದು ಬೇರೆಯವರು ಆಡಿದ ಮಾತನ್ನು ಕೇಳಿ ಟೈಪು ಮಾಡುವ ಕೆಲಸ. ಇವತ್ತಿನದು ಒಂದು ಗೋಡೌನಿನ ವಿಚಾರಣೆ. ಅಲ್ಲಿ ಒಂದು ರಾತ್ರಿ ಲಾರಿ ತುಂಬ ಕಮೋಡುಗಳು ಯಾರಿಗೂ ಹೇಳದೆ ಕೇಳದೆ ಹೊರಟುಹೋಗಿದ್ದವು. ವಾಚ್‌ಮನ್ ಗೇಟು ಹಾಕಿದ್ದನೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಹಾಕಿದ್ದರೆ ಬೀಗ ಒಡೆದ ಕಳ್ಳರದು ತಪ್ಪು. ಹಾಕಿರದಿದ್ದರೆ ನಾಳೆಯಿಂದ ಅವನಿಗೆ ಕೆಲಸವಿಲ್ಲ. ಕಣ್ಣಾರೆ ಕಂಡವನು ಗೋಡೌನಿನ ಮೇಸ್ತ್ರಿ ಒಬ್ಬನೇ. ಮೇಸ್ತ್ರಿ ಹೇಳಿದ್ದು ಒಂದೇ ವಾಕ್ಯ. ಆ ವಾಕ್ಯದ ನಟ್ಟನಡುವೆ ಈ ಸದ್ದು ಕಾಲು ಚಾಚಿ ಮಲಗಿತ್ತು.

“ಗೇಟು ಹಾ... ದ... ವಾಚ್‌ಮನ್ ಇವ್ನೇ ಸಾರ್.”

ಹಾಕಿದ ಎಂದನೋ, ಹಾಕದ ಎಂದನೋ? ಕಕಾರಕ್ಕೆ ಗುಡಿಸು ಇದ್ದರೆ ವಾಚ್‌ಮನ್ ಉಳಿದ, ಇಲ್ಲದಿದ್ದರೆ ಹೋದ. ಅಕ್ಕ ಮೊದಲ ಸಲ ಕೇಳಿದಾಗ, ಬರಹದ ಭಾಷೆಯಲ್ಲೇ ಇರಬೇಕು ಎಂಬ ಕಂಪನಿಯ ನಿಯಮ ನೆನೆದು, ‘ಗೇಟು ಹಾಕದ’ ಎಂದು ಹೊಡೆದಿದ್ದಳು. ಆಮೇಲೆ ಅದೇ ತುಣುಕನ್ನು ಮತ್ತೆ ಮತ್ತೆ ಹಾಕಿ ಕೇಳಿದ್ದಳು. ಸಂಜೆಯೊಳಗೆ ಕಳಿಸಬೇಕು. ಮ್ಯಾನೇಜರು ರೆಕಾರ್ಡಿಂಗ್ ಕೇಳುವ ಪೈಕಿಯಲ್ಲ. “ಓದೋಕೇ ಪುರುಸೊತ್ತಿಲ್ಲ, ಇನ್ನು ಕೇಳೋದೆಲ್ಲಿಂದ ಬಂತು?” ಎನ್ನುವ ಮನುಷ್ಯ.

“ಸದ್ದು ರೆಕಾರ್ಡಿಂಗಲ್ಲೇ ಇದ್ರೆ ನಾನೇನೂ ಮಾಡಕ್ಕಾಗಲ್ಲ,” ಎಂದ ತಮ್ಮ. “ಅದನ್ನ ನಿಲ್ಸು. ಏನೂ ಹಾಕದೇ ಕೇಳು.”

ನಿಲ್ಲಿಸಿದಳು. ಮೇಸ್ತ್ರಿ ಸುಮ್ಮನಾದ. ಸದ್ದು ಸುಮ್ಮನಾಗಲಿಲ್ಲ.

“ಅಂದ್ರೆ ಮೇಸ್ತ್ರಿದಲ್ಲ, ನಿನ್ನ ಪೆಟ್ಟಿಗೇದೇ. ಹೆಡ್‌ಫೋನ್ ಬದಲಾಯ್ಸು.”

ಅತ್ತೆಯ ಮೊಬೈಲಿನ ಇಯರ್‌ಫೋನ್ ತಂದು ಚುಚ್ಚಿದ್ದಾಯಿತು. ಅದೇ ಸದ್ದು, ಇನ್ನಷ್ಟು ಹತ್ತಿರದಿಂದ. ಪಿನ್ನನ್ನು ತಿರುಗಿಸಿದ್ದಾಯಿತು. ಮೈಕ್ ಬಂದ್ ಮಾಡಿದ್ದಾಯಿತು. ಸೌಂಡ್ ಸೆಟ್ಟಿಂಗಿನಲ್ಲಿ ‘ಸುಧಾರಣೆಗಳು’ ಎಂದಿದ್ದ ಚೌಕಕ್ಕೆ ಇದ್ದ ಟಿಕ್ ತೆಗೆದಿದ್ದಾಯಿತು. ಅದರಿಂದ ಏನೂ ಕೆಡಲಿಲ್ಲ, ಏನೂ ಸುಧಾರಿಸಲೂ ಇಲ್ಲ. ಆಫ್ ಮಾಡಿ ಆನ್ ಮಾಡಿದ್ದೂ ಆಯಿತು. ಅಷ್ಟರಲ್ಲಿ ಅತ್ತೆ ಮಡಚಿದ ಬಟ್ಟೆ ಎತ್ತಿಕೊಳ್ಳಲು ಬಗ್ಗಿ, ಒಂದು ಕೈಯನ್ನು ಲ್ಯಾಪ್‌ಟಾಪಿನ ಲೋಹದ ಮೈಮೇಲೆ ಊರಿದರು.

“ಅಯ್ಯೋ, ಕಮ್ಮಿಯಾಯ್ತು!” ಎಂದು ಕೂಗಿದಳು ಅಕ್ಕ. “ಅತ್ತೆ, ಕೈ ತೆಗೀರಿ. ಹಾಂ, ಬಂತು. ಇಡಿ. ಹೋಯ್ತು.”

“ನನ್ನ ಕೈಗುಣ,” ಎಂದರು ಅತ್ತೆ. “ಏನೋ ಜುಮ್ ಅಂತಿದೆ ಕಣೇ.”

“ಕೈ ತೆಗೀರಮ್ಮ ಮೊದಲು!” ಫೋನು ಚೀರಿತು. “ಅಕ್ಕಾ, ಚಾರ್ಜರಿಗೆ ಮೂರನೇ ಕಾಲು ಇದೆಯಾ?”

ಇರಲಿಲ್ಲ. ಅಕ್ಕನ ಯಜಮಾನರು ಎರಡು ತೂತಿನ ಸಾಕೆಟ್ಟಿಗೆ ಹೊಂದಲೆಂದು ಅದನ್ನು ಇಕ್ಕಳದಲ್ಲಿ ಮುರಿದು, ಬುದ್ಧಿವಂತಿಕೆ ಎಂದು ಕರೆದಿದ್ದರು.

“ಅದೇ ಮತ್ತೆ. ಅರ್ತಿಂಗ್ ಇಲ್ಲ. ಗುಂಯ್ಯೇ ಅದು, ನಾನು ಆಗ್ಲೇ ಹೇಳ್ದೆ. ಚಾರ್ಜರ್ ಕಿತ್ತುಬಿಡು.”

“ಕಿತ್ರೆ ಬ್ಯಾಟರಿ ಒಂದು ಆಕಳಿಕೆ ಹೊತ್ತೂ ನಿಲ್ಲಲ್ಲ ಕಣೋ.”

“ವಾಕ್ಯ ಎಷ್ಟುದ್ದ ಇದೆ?”

ಅಕ್ಕ ಮೇಸ್ತ್ರಿಯನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿ, ಚಾರ್ಜರ್ ಕಿತ್ತಳು. ಸದ್ದು ಕತ್ತರಿಸಿದ ಹಾಗೆ ನಿಂತಿತು. ವಿಚಾರಣೆಯ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದದ್ದು, ಮೇಸ್ತ್ರಿ ಗಂಟಲು ಸರಿಮಾಡಿಕೊಂಡದ್ದು, ಎಲ್ಲ ಪಕ್ಕದಲ್ಲೇ ನಡೆದಂತೆ ಕೇಳಿತು.

“ಗೇಟು ಹಾಕ್ದ ವಾಚ್‌ಮನ್ ಇವ್ನೇ ಸಾರ್.”

ಅವಳು ಇಯರ್‌ಫೋನನ್ನು ಕಿವಿಯಿಂದ ತೆಗೆದಳು.

“ಏನಂದ?” ಎಂದ ತಮ್ಮ.

“ಹಾಕ್ದ ಅಂದ. ‘ಕಿ’ನೂ ಹೇಳಿಲ್ಲ, ‘ಕ’ನೂ ಹೇಳಿಲ್ಲ. ನುಂಗಿಬಿಟ್ಟಿದ್ದಾನೆ ಪುಣ್ಯಾತ್ಮ!”

“ಅದು ಪಂಪಿನ ದೋಷ ಅಲ್ಲ,” ಎಂದ ತಮ್ಮ. “ನನಗೆ ಗೊತ್ತಾಗಲ್ಲ.”

ಬ್ಯಾಟರಿಯ ಗುರುತು ಕೆಂಪಗೆ ಮಿಟುಕುತ್ತಿತ್ತು. ಅಕ್ಕ ಅತ್ತೆಯ ಕಡೆ ತಿರುಗಿದಳು.

“ಅತ್ತೆ, ಬಾಗಿಲು ಹಾಕದ ಸೊಸೆಯನ್ನ ಏನಂತ ಬಯ್ತೀರಿ?”

“ಯಾಕೆ, ಇವತ್ತೂ ಹಾಕಿಲ್ವಾ?”

“ಸುಮ್ನೆ ಹೇಳಿ.”

“‘ಬಾಗಿಲು ಹಾಕ್ದೇ ಹೋದ್ಳು ನೋಡು ಮಹಾರಾಣಿ’ ಅಂತೀನಿ.”

“‘ಬಾಗಿಲು ಹಾಕದ ಸೊಸೆ’ ಅನ್ನಲ್ವಾ?”

“ಅದೇನೇ ಅದು, ಪಾಠ ಓದಿದ ಹಾಗೆ? ಬಾಯಲ್ಲಿ ಯಾರು ಹಾಗಂತಾರೆ! ಹಾಕ್ದೇ ಇರೋ ಸೊಸೆ ಅಂತಾರೆ, ಹಾಕ್ದೇ ಹೋದ ಸೊಸೆ ಅಂತಾರೆ.”

“ಹಾಕ್ದ ಸೊಸೆ ಅಂದ್ರೆ?”

“ಹಾಕಿದವಳು. ಅಂಥವಳು ಈ ಮನೇಲಿ ಇಲ್ಲ ಬಿಡು.”

ಹೌದು. ಹಾಕದ ಎಂಬುದು ಕಾಗದದ ಮೇಲೆ ಮಾತ್ರ ಬದುಕಿರುವ ಪದ. ಮೇಸ್ತ್ರಿ ಕಾಗದದಲ್ಲಿ ಮಾತಾಡುವವನಲ್ಲ. ವಾಚ್‌ಮನ್ ಗೇಟು ಹಾಕಿಲ್ಲ ಎನ್ನುವುದಿದ್ದರೆ ಅವನೂ ‘ಹಾಕ್ದೇ ಇರೋ’ ಎಂದೇ ಎಳೆಯುತ್ತಿದ್ದ. ಎಳೆದಿರಲಿಲ್ಲ. ಹಾಕ್ದ ಎಂಬುದರ ಬೆನ್ನಿಗೇ ವಾಚ್‌ಮನ್ ಬಂದಿದ್ದ.

“ಸೌಂಡ್ ಸರಿಹೋಯ್ತು ತಾನೇ?” ಎಂದ ತಮ್ಮ. “ನಾಳೆ ಒಂದು ಮೂರು ಪಿನ್ನಿಂದು ತಂದು ಹಾಕ್ಕೊಡ್ತೀನಿ. ಭಾವನ ಕೈಗೆ ಇಕ್ಕಳ ಕೊಡಬೇಡಿ.”

“ಆಯ್ತು, ಇಡು ಫೋನು.”

ಅಕ್ಕ ಕಕಾರದ ಮೇಲೆ ಗುಡಿಸು ಕೂರಿಸಿ, ಹಾಳೆಯನ್ನು ಕಳಿಸುವ ಗುಂಡಿ ಒತ್ತಿದಳು. ‘ಕಳುಹಿಸಲಾಗಿದೆ’ ಎಂಬ ಸಾಲು ತೆರೆಯ ಕೆಳಗೆ ಪೂರ್ತಿ ಮೂಡಿತು. ಆಮೇಲೆ ತೆರೆ ಕಪ್ಪಾಯಿತು.