ಎಡಗೈಯ ಕೊಳ್ಳಿ

ಚಂದನಾ ಸತ್ತ ಅಪ್ಪನ ಬಾಯಿಗೆ ಅಕ್ಕಿ ಹಾಕಲು ಬಾಗಿದ್ದಳು. ಚಿಕ್ಕಪ್ಪ ಮಂಜಯ್ಯ ಅವಳ ಕೈಗೆ ಫಟ್ಟನೆ ಬಾರಿಸಿದ. ಅಕ್ಕಿ ಹೆಣದ ಎದೆಯ ಮೇಲೆಲ್ಲ ಚೆಲ್ಲಿತು.

"ಎಂತ ಮಾಡುದ್ ಹೆಣ್ಣೆ? ಎಡಗೈಯಂಗೆ ಅಕ್ಕಿ ಹಾಕ್ತ್ರಾ ಯಾರಾರೂ?"

"ನಂಗೆ ಬಲಗೈ ಆತಿಲ್ಲೆ ಚಿಕ್ಕಪ್ಪಯ್ಯ."

"ಸ್ಟೈಲ್ ಮಾಡ್ಬೇಡ, ಬೆರಳ್ ಬಾಗ್ಲಿಗೆ ಸಿಕ್ಕಿ ವರ್ಷ ಎಷ್ಟಾಯ್ತ್. ಟೆನಿಸ್ ಆಡುಕೆ ಎಡಗೈ ಅಡ್ಡಿಲ್ಲ, ಇದ್ ಆಟ ಅಲ್ಲ. ಕೊಳ್ಳಿ ನಾನೇ ಇಡ್ತೆ, ನೀನ್ ಹಿಂದೆ ನಿಲ್ಲ್."

ಯಡ್ತರೆಯ ಆ ಅಂಗಳದಲ್ಲಿ ಸೇರಿದವರೆಲ್ಲ ತಲೆಯಾಡಿಸಿದರು. ಹೆಣವಾಗಿ ಮಲಗಿದ್ದ ಲೀಲಾಧರನೆಂದರೆ ಅವರಿಗೆ ಹೆಮ್ಮೆ. ಮೀನುಗಾರರ ಮನೆಯ ಹುಡುಗ ಮುಂಬೈಯ ಕ್ಲಬ್ಬಿನಲ್ಲಿ ಚೆಂಡು ಹೆಕ್ಕುತ್ತಾ ಆಟ ಕಲಿತು, ಟೆನಿಸನ್ನೇ ಹೊಟ್ಟೆಪಾಡು ಮಾಡಿಕೊಂಡು ವಿಮಾನದಲ್ಲಿ ದೇಶ ಸುತ್ತಿದವನು. ಅವನ ಒಬ್ಬಳೇ ಮಗಳಿಗೆ ಮಾತ್ರ ಬೇರೆಯೇ ಹಟ. ಅಪ್ಪನನ್ನು ನನ್ನ ಕೈಯಾರೆ ಸುಡಬೇಕು, ಅಷ್ಟೆ.

*

ಲೀಲಾಧರನನ್ನು ಕೊನೆಯ ಫೈನಲಿನಲ್ಲಿ ಸೋಲಿಸಿದ್ದು ಒಬ್ಬ ಎಡಗೈ ಆಟಗಾರ. ಅಲ್ಲೇ ರ‍್ಯಾಕೆಟ್ ಮುರಿದು, ಅಂಪೈರನ ಕೊರಳಪಟ್ಟಿಗೆ ಕೈಹಾಕಿದ. ನಿಷೇಧ ಬಿತ್ತು, ಊರಿಗೆ ಬಂದ. ಆ ಸಿಟ್ಟನ್ನೆಲ್ಲ ಎಲ್ಲಿ ಕಾರುವುದು? ಐದು ವರ್ಷದ ಮಗಳು ಕೈಗೆ ಸಿಕ್ಕಿದಳು.

"ಎಡಗೈಯವ್ರ ಚೆಂಡ್ ತಿರ್ಗುದೇ ಬೇರೆ. ನೀನ್ ಎಡಗೈಯಂಗೇ ಆಡ್ಕ್," ಅಂದ.

ಬಲೆಯ ಹಗ್ಗದಿಂದ ಅವಳ ಬಲಗೈಯನ್ನು ಬೆನ್ನ ಹಿಂದೆ ಸೊಂಟಕ್ಕೆ ಕಟ್ಟಿದ. ಮೀನಿಗೆ ಐಸ್ ಮಾಡುವ ಪ್ಲಾಂಟಿನ ಹಿಂಬದಿಯ ಗೋಡೆಗೆ ಕತ್ತಲಾಗುವವರೆಗೆ ಚೆಂಡು ಹೊಡೆಸಿದ. ಅನ್ನವೂ ಎಡಗೈಯಲ್ಲೇ ಆಗಬೇಕಂತೆ! ಒಂದು ದಿನ ಹಗ್ಗ ಬಿಚ್ಚಿದ್ದಾಗ ಹಸಿದ ಹುಡುಗಿ ಮರೆತು ಬಂಗುಡೆ ಮೀನಿನ ಸಾರಿಗೆ ಬಲಗೈ ಹಾಕಿದಳು. ರ‍್ಯಾಕೆಟ್ಟಿನ ಅಂಚಿನಿಂದ ಬಟ್ಟಲ ಮೇಲೇ ಆ ಕೈಯನ್ನು ಜಜ್ಜಿದ. ಪಿಂಗಾಣಿ ಬಟ್ಟಲೂ ಒಡೆಯಿತು, ಬೆರಳುಗಳೂ ಮುರಿದವು.

ಮುಂದೆ ಅವಳು ರಾಜ್ಯ ಚಾಂಪಿಯನ್ ಆದಾಗ ಕುಂದಾಪುರದ ಪೇಟೆಯಲ್ಲಿ ಹೆಗಲ ಮೇಲೆ ಹೊತ್ತು ಕುಣಿದ. ಜನ ಚಪ್ಪಾಳೆ ತಟ್ಟಿದರು. ಬಲಗೈಯ ಕಡೆ ಒಬ್ಬರೂ ನೋಡಲಿಲ್ಲ, ಪಾಪಿಗಳು.

*

ಸ್ಮಶಾನದಲ್ಲಿ ಮಂಜಯ್ಯ ಕೊಳ್ಳಿ ಎತ್ತಿಕೊಂಡ. ಚಂದನಾ ಕಸಿಯಲು ಹೋದಳು. ಅವನು ತಳ್ಳಿದ ರಭಸಕ್ಕೆ ಸೌದೆಯ ಮೇಲೆ ಬಿದ್ದು ಅವಳ ತುಟಿ ಒಡೆಯಿತು. ಎದ್ದವಳೇ ಅವನ ಹೊಟ್ಟೆಗೆ ಒದ್ದಳು.

"ಹ್ವಾಯ್, ಹಿಡ್ಕಣಿ ಅವ್ಳನ್ನ!" ಯಾರೋ ಕೂಗಿದರು.

ಲೀಲಾಧರನ ಹೆಂಡತಿ ಪುಷ್ಪ ನಡುವೆ ನುಗ್ಗಿ ಮಗಳ ಬಲಗೈಯನ್ನು ಎಲ್ಲರ ಮುಂದೆ ಎತ್ತಿ ಹಿಡಿದಳು. ಬೆರಳುಗಳು ಗಾಳದ ಕೊಕ್ಕೆಯ ಹಾಗೆ ಸೊಟ್ಟಗೆ ನಿಂತಿದ್ದವು.

"ಕಾಣ್ ಮಂಜಯ್ಯ, ಸಮಾ ಕಾಣ್. ಇದನ್ ಮುರ್ದದ್ ನಿನ್ ಅಣ್ಣ. ಬಾಗ್ಲಿಗೆ ಸಿಕ್ಕದ್ದ್ ಅಂದೇಳಿ ಊರಿಗೆಲ್ಲ ಸುಳ್ಳ್ ಹೇಳದ್ದ್ ನಾನ್. ಈಗ ಹೇಳ್, ಯಾವ್ ಕೈಯಂಗೆ ಇಡ್ಕ್ ಇವ್ಳ್?"

ಮಂಜಯ್ಯ ತಾನಾಗಿಯೇ ಕೊಳ್ಳಿಯನ್ನು ಚಾಚಿದ.

"ಅಪ್ಪಯ್ಯ ಕಲ್ಸಿದ್ ಕೈಯಂಗೇ ಸುಡ್ತೆ," ಎಂದಳು ಚಂದನಾ.

ಎಡಗೈಯಲ್ಲಿ ಹಿಡಿದು ಚಿತೆಗೆ ಚುಚ್ಚಿದಳು. ಉರಿ ಹತ್ತಿದ ಮೇಲೂ ಮತ್ತೆ ಮತ್ತೆ ಚುಚ್ಚಿದಳು. ಯಾರೂ ತಡೆಯಲಿಲ್ಲ.

ಬಿಸಿ ತಾಳದೆ ಜನ ಹಿಂದೆ ಸರಿದರು. ಪುಷ್ಪ ಆಗ ಮಗಳ ಬೆನ್ನನ್ನು ಕಂಡಳು. ಚಂದನಾಳ ಬಲಗೈ ತನ್ನಷ್ಟಕ್ಕೆ ಹಿಂದೆ ಹೋಗಿ, ಸೊಂಟಕ್ಕೆ ಒತ್ತಿಕೊಂಡು ನಿಂತಿತ್ತು. ಹಗ್ಗವಿರಲಿಲ್ಲ.