ಎರಡು ಕಾರ್ಖಾನೆ ಒಂದಾದದ್ದು

ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನ ಮುನೀಂದ್ರನ ಕಾರ್ಖಾನೆಯನ್ನು ಕೊಳ್ಳಲು ಪುಣೆಯ ದೊಡ್ಡ ಕಂಪನಿಯವರು ಬಂದಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದಾಗ, ವನಿತಾ ಬಂಗಾರಪೇಟೆಯ ತನ್ನ ಶೆಡ್ಡಿನಲ್ಲಿ ಕಳೆ ತೆಗೆಯುವ ಯಂತ್ರಕ್ಕೆ ವೆಲ್ಡಿಂಗ್ ಮಾಡಿಸುತ್ತಿದ್ದಳು. ಆ ಯಂತ್ರದ ಗೇರ್‌ಬಾಕ್ಸ್ ಬರುತ್ತಿದ್ದುದೇ ಮುನೀಂದ್ರನಿಂದ. ಅವನು ಮಾರಿಬಿಟ್ಟರೆ ತನ್ನ ಗತಿಯೇನು?

"ಅಪ್ಪಾ, ನಾನು ರೀಫ್ಸ್‌ಗೆ ಓಗ್‌ಬತ್ತೀನಿ."

"ಓಗಿ ಏನ್ ಮಾಡ್ತೀಯಮ್ಮಾ? ಅವನ ಕಾರ್ಖಾನೆ, ಅವನಿಷ್ಟ," ಎಂದರು ಜಯರಾಮಪ್ಪ.

"ಅವ್ರು ಕೊಂಡ್ಕೋಬೋದಾದ್ರೆ, ನಾವ್ಯಾಕೆ ಕೂಡ್ಕೋಬಾರ್ದು?"

ಬಾಯಿಂದ ಬಂದ ಮಾತಿಗೆ ಅವಳೇ ಬೆಚ್ಚಿದಳು. ಮರುಕ್ಷಣವೇ ಸ್ಕೂಟರ್ ಹತ್ತಿದ್ದಳು.

ಮುನೀಂದ್ರನ ಕಾರ್ಖಾನೆಯಲ್ಲಿ ಕಂಪನಿಯ ಇಬ್ಬರು ಅಧಿಕಾರಿಗಳು ಟೀ ಕುಡಿಯುತ್ತಿದ್ದರು. ವನಿತಾ ಮುನೀಂದ್ರನನ್ನು ಪಕ್ಕಕ್ಕೆ ಕರೆದಳು.

"ಅಣ್ಣಾ, ಸೈನ್ ಆಗೋಯ್ತಾ?"

"ಇನ್ನೂ ಇಲ್ಲಮ್ಮಾ. ಮೆಷಿನ್‌ಗಳ್ನೆಲ್ಲ ಪುಣೆಗೆ ಎತ್ಕೊಂಡೋಯ್ತಾರಂತೆ. ಇಲ್ಲಿ ಕೆಲ್ಸ ಮಾಡೋರನ್ನ ನೆನ್ಸ್‌ಕೊಂಡ್ರೆ ಒಟ್ಟೆ ಉರೀತದೆ. ಆದ್ರೆ ಬರೀ ಗೇರ್‌ಬಾಕ್ಸ್ ನಂಬ್ಕೊಂಡು ಎಷ್ಟ್ ದಿನ? ರೈತ್ರಿಗೆ ನನ್ ಎಸ್ರೇ ಗೊತ್ತಿಲ್ಲ."

"ನನ್ ಎಸ್ರು ರೈತ್ರಿಗೆ ಗೊತ್ತು. ಆದ್ರೆ ಅವ್ರು ಕೇಳ್ದಷ್ಟು ಮೆಷಿನ್ ಮಾಡೋಕೆ ನನ್ನತ್ರ ಕಬ್ಬಿಣ ಕಡೆಯೋ ಲೇತ್ ಇಲ್ಲ. ಇಬ್ರೂ ಒಂದಾಗೋಣ ಅಣ್ಣಾ!"

ಮುನೀಂದ್ರ ಅವಳನ್ನೇ ನೋಡಿದ. ಆಮೇಲೆ ಒಳಗಿಂದ ಒಂದು ಪುಟ್ಟ ಗೇರ್‌ಬಾಕ್ಸ್ ಎತ್ತಿಕೊಂಡು ಬಂದ. "ಒಸ್ದಾಗಿ ಮಾಡಿದೀನಿ. ನಿನ್ ಮೆಷಿನ್‌ಗೆ ಕೂತ್ರೆ ಮುಂದಿನ ಮಾತು."

ಮಧ್ಯಾಹ್ನ ಆ ಗೇರ್‌ಬಾಕ್ಸ್ ಕೂರಿಸಿದ ವನಿತಾಳ ಯಂತ್ರ ಪರೀಕ್ಷೆಗೆಂದು ಕ್ಯಾಸಂಬಳ್ಳಿಯ ರೈತ ಮಹಿಳೆ ಕನಕಮ್ಮನ ಟೊಮೆಟೊ ತೋಟಕ್ಕೆ ಬಂತು. ಕುತೂಹಲ ತಡೆಯಲಾರದೆ ಅಧಿಕಾರಿಗಳೂ ಕಾರಿನಲ್ಲಿ ಹಿಂದೆಯೇ ಬಂದರು. ವನಿತಾ ಇಂಜಿನ್ನಿನ ಹಗ್ಗ ಎಳೆದೊಡನೆ ಯಂತ್ರ ಗುರ್ರೆಂದಿತು, ನಾಲ್ಕು ಮಾರು ಹೋಗಿ ನಿಂತೇಬಿಟ್ಟಿತು. ಮುನೀಂದ್ರ ಮಣ್ಣಿನಲ್ಲೇ ಕೂತು ಚೈನ್ ಬಿಗಿಮಾಡಿ, "ಎಳಿಯಮ್ಮಾ!" ಎಂದು ಕೂಗಿದ.

ಈ ಸಲ ಯಂತ್ರ ಸಾಲುಗಳ ನಡುವೆ ಹಾವಿನಂತೆ ಹರಿಯಿತು. ಒಂದು ಗಿಡದ ಎಲೆಯೂ ಹರಿಯಲಿಲ್ಲ, ಕಳೆ ಮಾತ್ರ ಬುಡಸಮೇತ ಮೇಲೆ ಬಂತು. ಕನಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿಬಂದರು.

"ಬುಡಮ್ಮಾ, ಇಲ್ಲಿ ಕೊಡು, ನಾನ್ ಓಡಿಸ್ತೀನಿ!"

ಹಿಡಿ ಸಿಕ್ಕಿದ್ದೇ ತಡ, ಸಾಲಿನ ಮೇಲೆ ಸಾಲು ಮುಗಿಸುತ್ತಾ ಹೋದರು. ಯಾರು ಕರೆದರೂ ತಿರುಗಿ ನೋಡಲಿಲ್ಲ.

ಹಿರಿಯ ಅಧಿಕಾರಿ ಅಲ್ಲೇ ಬದುವಿನ ಮೇಲೆ ನಿಂತು, ಎರಡೂ ಕಾರ್ಖಾನೆಗಳನ್ನು ನಾವೇ ಕೊಳ್ಳುತ್ತೇವೆ ಎಂದರು. ಮುನೀಂದ್ರ ನಕ್ಕುಬಿಟ್ಟ. "ಇನ್ಮೇಲೆ ನಾನೊಬ್ನೇ ತೀರ್ಮಾನ ಏಳೋ ಅಂಗಿಲ್ಲ ಸಾರ್. ಈಯಮ್ಮನ್ನ ಕೇಳಿ."

ವನಿತಾ ತನಗೆ ಬರುವ ಅರೆಬರೆ ಹಿಂದಿಯಲ್ಲೇ ಧೈರ್ಯವಾಗಿ ಹೇಳಿದಳು: ಕಾರ್ಖಾನೆ ಮಾರುವುದಿಲ್ಲ. ಯಂತ್ರ ಬೇಕಿದ್ದರೆ ಆರ್ಡರ್ ಕೊಡಿ, ಮಾಡಿಕೊಡುತ್ತೇವೆ.

ಅಧಿಕಾರಿ ಕೈ ಚಾಚಿದರು. ಮುಂದಿನ ಹಂಗಾಮಿಗೆ ತಮ್ಮ ಅಂಗಡಿಗಳಿಗೆಲ್ಲ ಯಂತ್ರ ಬೇಕೆಂದರು. ವನಿತಾಗೆ ಅಲ್ಲೇ ಕುಣಿಯಬೇಕೆನಿಸಿತು.

ದೀಪಾವಳಿ ಕಳೆದು ಎರಡೂ ಕಾರ್ಖಾನೆ ಕಾನೂನಿನ ಪ್ರಕಾರ ಒಂದಾದವು. ಬಂಗಾರಪೇಟೆಯ ಕೆಲಸಗಾರರೆಲ್ಲ ಚಾಂಪಿಯನ್ ರೀಫ್ಸಿಗೆ ಬಂದ ದಿನ ಮುನೀಂದ್ರನ ತಾಯಿ ಮಾರಿಯಮ್ಮ ಎಲ್ಲರಿಗೂ ಪೊಂಗಲ್ ಬಡಿಸಿದರು. ಜಯರಾಮಪ್ಪ ಮಾತ್ರ ಊಟಕ್ಕೆ ಕೂರದೆ ದೊಡ್ಡ ಲೇತಿನ ಸುತ್ತಲೇ ಸುಳಿದಾಡುತ್ತಿದ್ದರು.

"ಮುನೀಂದ್ರಪ್ಪಾ, ಇದನ್ನ ನಾನೊಂದ್ಸಲ ಆನ್ ಮಾಡ್ಲಾ?"